ಎರಡೇ ಸಾಲಿನ ತ್ರಿಪದಿ

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಏಳೂ ಹತ್ತು. ಬರೆಯಲು ಕೂತಿದ್ದೇನೆ.

ನನ್ನ ಸೋದರಮಾವನಿಗೆ ಕೊನೆಯ ಸ್ಟಾಪಿನವರೆಗೆ ಟಿಕೆಟ್ ತೆಗೆಯುವುದು ದಂಡ! ಈ ವರ್ಷ ನನ್ನೊಂದಿಗೆ ಹದಿನೇಳು ಸಲ ಬಸ್ಸು ಹತ್ತಿದ್ದಾರೆ, ಹನ್ನೊಂದು ಸಲ ನಡುವೆಯೇ ಇಳಿದಿದ್ದಾರೆ. ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಮಾವ ಸ್ಯಾಕ್ಸೋಫೋನ್ ನುಡಿಸುತ್ತಾರೆ. ಕಲಿತದ್ದು ಕರ್ನಾಟಕ ಸಂಗೀತ, ಹೊಟ್ಟೆ ಹೊರೆದದ್ದು ಹೋಟೆಲುಗಳ ಜಾಝ್, ಹೆಸರು ತಂದದ್ದು ಎರಡಕ್ಕೂ ಜನಪದ ಬೆರೆಸಿದ್ದು. ಬರುವ ಶನಿವಾರದ ಕಛೇರಿಗೆ, ತೀರಿಹೋದ ತಮ್ಮ ಅವ್ವ, ಅಂದರೆ ನನ್ನ ಅಜ್ಜಿ, ಹಾಡುತ್ತಿದ್ದ ಲಾಲಿಯೊಂದನ್ನು ನುಡಿಸಬೇಕೆಂದಿದ್ದಾರೆ.

ಬೆಳ್ಳಕ್ಕಿ ಸಾಲಾಗಿ ಕೆರೆ ದಾಟಿ ಹೋದಾವು
ಎಣಿಸಿಡೋ ಕಂದ ನಾ ಬರೊತನಕ

ಅಷ್ಟೇ! ತ್ರಿಪದಿ ಅಂದ ಮೇಲೆ ಮೂರನೇ ಸಾಲು ಬೇಡವೇ? ಅದು ಮಾವನಿಗೆ ಗೊತ್ತಿಲ್ಲ. ಅದಕ್ಕೇ ಬಸ್ಸಿನಿಂದ ಹೀಗೆ ಇಳಿಯುವ ಆಟ. ಯಾವ ಮುದುಕಿ ಗುನುಗಿದರೂ ಮಾವ ಬಸ್ಸಿನಲ್ಲಿ ನಿಲ್ಲುವುದಿಲ್ಲ.

ಹೆಗ್ಗನಹಳ್ಳಿಯಲ್ಲಿ ಹೂ ಕಟ್ಟುತ್ತ ಏನೋ ಹಾಡುತ್ತಿದ್ದ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅಜ್ಜೀ, ಮುಂದೇನು?"

"ಮುಂದೇನಪ್ಪಾ, ಮೊಳಕ್ಕೆ ಮೂವತ್ತು!"

ಆರು ಮೊಳ ಹೂವಿನೊಂದಿಗೆ ಮನೆಗೆ ಬಂದೆವು.

ಮಾವನನ್ನು ನುಡಿಸಲು ಕರೆಸಿದ್ದ ರಾಜರಾಜೇಶ್ವರಿನಗರದ ರಿಸೆಪ್ಷನ್ನಿನಲ್ಲಿ ಇನ್ನೂ ಚೆನ್ನಾಯಿತು. ಆರತಿಗೆ ಅಜ್ಜಿಯರು ಹಾಡಲು ಶುರುಮಾಡಿದ್ದೇ ತಡ, ಮಾವ ಸ್ಯಾಕ್ಸೋಫೋನನ್ನು ಮದುಮಗನ ಕುರ್ಚಿಯ ಮೇಲಿಟ್ಟು ಅವರ ಗುಂಪಿಗೆ ನುಗ್ಗಿದರು. ಹುಡುಗನ ತಂದೆ ಗಾಬರಿಯಾಗಿ, "ಸಾರ್, ನೀವು ಯಾರ ಕಡೆಯವರು?" ಎಂದರು.

"ಮೂರನೇ ಸಾಲಿನ ಕಡೆಯವನು!"

ಪೂರ್ತಿ ದುಡ್ಡು ಕೊಟ್ಟರಂತೆ. ಪುಣ್ಯಾತ್ಮರು!

ನಿನ್ನೆ ಸಂಜೆ ಬಸವೇಶ್ವರನಗರದ ನಮ್ಮ ಮಹಡಿಯಲ್ಲಿ ಪ್ರಾಕ್ಟೀಸು. ಮಾವ ಎಂಟು ಸಲ ಶುರುಮಾಡಿ ಎಂಟು ಸಲವೂ ನಿಲ್ಲಿಸಿದರು. ಡ್ರಮ್ಸಿನವನಿಗೆ ತಾಳ್ಮೆ ಕೆಟ್ಟಿತು.

"ಅಣ್ಣ, ಹತ್ತು ನಿಮಿಷದ ಸೋಲೋ ನಿಂತಲ್ಲೇ ಕಟ್ತೀರ. ಒಂದು ಸಾಲು ಕಟ್ಟೋಕೇನು?"

"ಬೇರೆಯವರ ಅವ್ವನ ಹಾಡಾಗಿದ್ರೆ ಕಟ್ತಿದ್ದೆ ಮಗಾ."

ಕಾಫಿ ತಂದ ನಮ್ಮಮ್ಮನನ್ನು, ಅಂದರೆ ಮಾವನ ಅಕ್ಕನನ್ನು, ನಾನು ಕೇಳಿದೆ: "ಅಮ್ಮಾ, ನೀನು ದೊಡ್ಡೋಳಲ್ವಾ? ನಿಂಗೂ ಗೊತ್ತಿಲ್ವಾ?"

ಅಮ್ಮ ಲೋಟಗಳನ್ನು ಇಳಿಸಿದಳು. "ಹೇಳಿದ್ರೆ ನೊಂದ್ಕೋತಾನೆ ಅಂತ ಸುಮ್ನಿದ್ದೆ," ಎಂದು ಮಾವನತ್ತ ತಿರುಗಿದಳು. "ಎರಡನೇ ಸಾಲಿಗೇ ನೀನು ಗೊರಕೆ ಹೊಡೀತಿದ್ದೆ ಕಣೋ! ಮಗು ಮಲಗಿದ ಮೇಲೆ ಅವ್ವ ಯಾರಿಗೆ ಹಾಡ್ಬೇಕು? ಎದ್ದು ಕೆಲಸಕ್ಕೆ ಹೋಗ್ತಿದ್ಲು."

ಎಲ್ಲರೂ ನಕ್ಕೆವು. ಮಾವ ನಗಲಿಲ್ಲ.

"ಒಂದು ದಿನಾನೂ ಎಚ್ಚರ ಇರ್ಲಿಲ್ವಾ ಅಕ್ಕಾ?"

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಒಂದು ಕಡೆ ಕೂರದ ಮಾವ ಇಪ್ಪತ್ತೆರಡು ನಿಮಿಷ ಅಲ್ಲಾಡದೆ ಕೂತರು. ಆಮೇಲೆ, "ಶನಿವಾರ ಎರಡೇ ಸಾಲು ನುಡಿಸ್ತೀನಿ. ಮೂರನೇದಕ್ಕೆ ಯಾರೂ ಏನೂ ಬಾರಿಸಬೇಡಿ," ಎಂದರು.

ಇನ್ನು ಆರು ದಿನವಿದೆ. ಓದುಗರಲ್ಲಿ ಯಾರಾದರೂ ಬೇಗ ನಿದ್ದೆ ಹೋಗದ ಮಗುವಾಗಿದ್ದು, ನಿಮ್ಮವ್ವನ ಬಾಯಲ್ಲಿ ಈ ಹಾಡನ್ನು ಕೊನೆಯವರೆಗೂ ಕೇಳಿದ್ದರೆ, ದಯವಿಟ್ಟು ಒಂದು ಸಾಲು ಬರೆದು ಕಳಿಸಿ.