ತಾಳ ಕತ್ತರಿಸಿದವರು ಯಾರು?

ತನ್ನ ಕಣ್ಣು ತಪ್ಪಿಸಿ ಒಂದಂಗುಲ ಕತ್ತರಿಸುವವನು ಇನ್ನೂ ಹುಟ್ಟಿಲ್ಲ ಎಂದು ಹೆಂಡತಿಗೆ ಭರವಸೆ ಕೊಟ್ಟೇ ದರ್ಜಿ ಆ ಹಳೆಯ ಕ್ಯಾಸೆಟ್ಟನ್ನು ರೆಕಾರ್ಡಿಂಗ್ ಅಂಗಡಿಗೆ ಒಯ್ದ. ತೀರಿಹೋದ ಅತ್ತೆಯ ಹಾಡು ಉಳಿದದ್ದು ಅದೊಂದರಲ್ಲೇ. ಟೇಪು ಸವೆದು ನೂಲಾಗಿತ್ತು. ಪೂರ್ತಿ ಹಾಳಾಗುವ ಮೊದಲು ಹಾಡನ್ನು ಬೆಂಕಿಪೊಟ್ಟಣದಷ್ಟಿದ್ದ ಪ್ಲೇಯರಿಗೆ ಏರಿಸಬೇಕಿತ್ತು.

ಅಂಗಡಿಯವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದ. ಅವನ ನೀಲಿ ಶರ್ಟು ಹೊಲಿದದ್ದು ಈ ದರ್ಜಿಯೇ. ಬಟ್ಟೆ ಸಾಲದೆ ಜೇಬು ಬಿಟ್ಟುಹೋಗಿತ್ತಂತೆ!

“ಎಂಪಿತ್ರೀ ಮಾಡಿದ್ರೆ ಚಿಕ್ಕದಾಗುತ್ತೆ. ಕಿವಿಗೆ ಕೇಳದ್ದನ್ನ ಮಾತ್ರ ತೆಗೆದುಹಾಕುತ್ತೆ.”

ದರ್ಜಿಯ ಕಿವಿ ನಿಮಿರಿತು. ‘ಬಟ್ಟೆ ಏನೂ ಉಳೀಲಿಲ್ಲ’ ಎಂದು ತಾನು ಗಿರಾಕಿಗಳಿಗೆ ಹೇಳುವ ಧಾಟಿಯೇ ಅದು! ಆ ‘ಏನೂ ಇಲ್ಲ’ವನ್ನೇ ತುಂಬಿಸಿಕೊಂಡು ಮನೆಯ ದಿಂಬುಗಳೆಲ್ಲ ಕೊಬ್ಬಿದ್ದವು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.

ಮನೆಗೆ ಬಂದು ಮಂಚದ ಮೇಲೆ ಕೂತು ಕೇಳಿದ. ಹಾಡಿತ್ತು, ನಡುವೆ ಅತ್ತೆಯ ಕೆಮ್ಮೂ ಇತ್ತು. ಹಿಂದಿನಿಂದ ಬರುತ್ತಿದ್ದ ಟಕಟಕ ತಾಳ ಮಾತ್ರ ಮಾಯ.

“ನಿಮ್ಮಮ್ಮನ ತಾಳಕ್ಕೇ ಕತ್ತರಿ ಹಾಕಿದಾನೆ ಕಣೇ!”

“ಅಮ್ಮ ಬರೀ ಬಾಯಲ್ಲಿ ಹಾಡಿದ್ದು ರೀ. ತಾಳ ಎಲ್ಲಿತ್ತು?”

ಇಪ್ಪತ್ತು ವರ್ಷ ದಿನಾ ಹೊಲಿಯುತ್ತ ಕೇಳಿದ ಕಿವಿ ತನ್ನದು ಎಂದು ದರ್ಜಿ ಮತ್ತೆ ಅಂಗಡಿಗೆ ಧಾವಿಸಿದ. ಅಂಗಡಿಯವನು ತಾಳ್ಮೆಯಿಂದ ಫ್ಲಾಕ್ ಎಂಬ ಇನ್ನೊಂದು ಬಗೆಯಲ್ಲಿ ಹಾಡು ಏರಿಸಿಕೊಟ್ಟ. ಇದರಲ್ಲಿ ಕತ್ತರಿಸುವುದೇ ಇಲ್ಲ, ಬರೀ ಮಡಚಿಡುವುದು ಎಂದ. ಅದರಲ್ಲೂ ತಾಳವಿಲ್ಲ. ಹಾಗಾದರೆ ಕ್ಯಾಸೆಟ್ಟನ್ನು ತನ್ನ ಕಣ್ಣೆದುರೇ ಇನ್ನೊಮ್ಮೆ ಓಡಿಸಬೇಕೆಂದು ದರ್ಜಿ ಪಟ್ಟು ಹಿಡಿದ. ಓಡಿಸಿದರು. ಅರ್ಧಕ್ಕೆ ಟೇಪು ಪಟ್ಟೆಂದು ಕಿತ್ತುಹೋಗಿ, ಯಂತ್ರದೊಳಗೆ ಸುತ್ತಿಕೊಂಡು ನುಜ್ಜುಗುಜ್ಜಾಯಿತು.

ಇನ್ನು ಉಳಿದದ್ದು ಪ್ಲೇಯರಿನೊಳಗಿನ ಹಾಡೊಂದೇ, ಅದೂ ತಾಳಗೆಟ್ಟದ್ದು. ದರ್ಜಿ ತಲೆ ತಗ್ಗಿಸಿ ಹೆಂಡತಿಗೆ ವಿಷಯ ತಿಳಿಸಿದ. ಅವಳು ಪ್ಲೇಯರು ಕಿತ್ತುಕೊಂಡು ಹಾಡನ್ನು ಕೊನೆಯವರೆಗೂ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಅವನ ಒಂದು ಕಿವಿಗೆ ಮಾತ್ರ ಇಯರ್‌ಫೋನಿನ ವೈರು ಸಿಕ್ಕಿಸಿ, ಹೊಲಿಗೆ ಯಂತ್ರದ ಮುಂದೆ ಕೂತು ಖಾಲಿ ಪೆಡಲ್ ತುಳಿದಳು.

ಟಕಟಕ, ಟಕಟಕ.

ದರ್ಜಿಯ ಮುಖ ಮೊದಲು ಅರಳಿ, ಆಮೇಲೆ ಬಾಡಿತು.

“ತಾಳ ಸಿಕ್ತಾ?” ಎಂದಳು ಅವಳು. ಎದ್ದು ದಿಂಬಿನ ಹೊಲಿಗೆ ಬಿಚ್ಚಿ, ನೀಲಿ ಬಟ್ಟೆಯ ತುಂಡೊಂದನ್ನು ಎಳೆದು ಗಂಡನ ಕೈಗಿತ್ತಳು.

“ಹೋಗಿ ಆ ಪುಣ್ಯಾತ್ಮನಿಗೆ ಜೇಬು ಹಚ್ಚಿಕೊಟ್ಟು ಬನ್ನಿ. ಇದು ಕಿವಿಗೆ ಕೇಳಲ್ಲ, ಕಣ್ಣಿಗೆ ಕಾಣುತ್ತೆ.”