ಮನಸ್ಸಿಗೂ ಇನ್ಶೂರೆನ್ಸು ಕೊಟ್ಟಾರೆ?

ಅನುಮಾನ ನನ್ನ ಕಸುಬು. ಜಂಬಕ್ಕೆ ಹೇಳುತ್ತಿಲ್ಲ, ಅದರಿಂದಲೇ ಅನ್ನ ತಿಂದಿದ್ದೇನೆ. ಮೇಲೂರಿನಲ್ಲಿ ರೇಷ್ಮೆ ನೂಲು ಬಿಚ್ಚುವವನು ನಾನು. ಗೂಡು ಕೊಳ್ಳುವುದು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ. ಹರಾಜು ಈಗ ಮೊಬೈಲಿಗೆ ಬಂದಿದ್ದರೂ, ಗೂಡು ಸುರಿದಿಟ್ಟ ಜಾಲರಿ ತಟ್ಟೆಯ ತಳದವರೆಗೆ ಕೈ ಹಾಕಿ ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ನಾವು ಯಾರೂ ಬೆಲೆ ಒತ್ತುವುದಿಲ್ಲ. ಮೇಲೆ ಬಿಳಿ ಗೂಡು ಹರಡಿ, ಕಲೆ ಬಿದ್ದದ್ದನ್ನು ತಳಕ್ಕೆ ತುಂಬುವ ವಿದ್ಯೆ ಮಾರುವವರಿಗೂ ಗೊತ್ತು, ನಮಗೂ ಗೊತ್ತು. ಮೂವತ್ತು ವರ್ಷ ಹೀಗೆ ಬದುಕಿದವನಿಗೆ ಮನೆಗೆ ಬಂದು ಕೈ ತೊಳೆದರೆ ಅನುಮಾನ ಹೋಗುತ್ತದೆಯೇ? ಹೆಂಡತಿ ವೆಂಕಟಲಕ್ಷ್ಮಿ ಕಾಫಿ ಕೊಟ್ಟರೆ, ಸಕ್ಕರೆ ಯಾಕೆ ಕಮ್ಮಿ ಎನ್ನುತ್ತಿದ್ದೆ. "ತಳದಲ್ಲಿದೆ, ಕಲಕಿ ನೋಡಿ" ಎನ್ನುತ್ತಿದ್ದಳು.

ಅವಳು ಹೋಗಿ ಎಂಟು ತಿಂಗಳಾಯಿತು. ಗೂಡು ಬೇಯಿಸುವ ನೀರು ಕುದಿದು ಆರಿದರೂ ಗೊತ್ತಾಗದೆ ನಾನು ಕುಳಿತಿರುವುದನ್ನು ಕಂಡು, ಚಿಂತಾಮಣಿಯಲ್ಲಿ ಟೀಚರಾಗಿರುವ ಮಗಳು ಸುಧಾ, ಚಿಕ್ಕಬಳ್ಳಾಪುರದ ಒಬ್ಬ ಕೌನ್ಸೆಲರ್ ಹತ್ತಿರ ಹೋಗು ಎಂದಳು.

"ಬರೀ ಮಾತಾಡೋಕೆ ದುಡ್ಡು ಕೊಡ್ಬೇಕಾ?"

"ನೀನು ಕೊಡಬೇಡ. ಇನ್ಶೂರೆನ್ಸ್‌ನೋರು ಕೊಡ್ತಾರೆ ಕಣಪ್ಪ."

ಅಲ್ಲಿಗೆ ಅನುಮಾನ ಎರಡಾಯಿತು. ಹಿಂದೆ ಕಾಲು ಮುರಿದಾಗ, ಎಕ್ಸ್‌ರೇ ಕೊಟ್ಟರೂ ಇದು ನಿಮ್ಮದೇ ಕಾಲಾ ಎನ್ನುವ ಹಾಗೆ ಹತ್ತು ಕಾಗದ ಕೇಳಿದ ಕಂಪನಿ, ಕಣ್ಣಿಗೆ ಕಾಣದ ಮನಸ್ಸಿಗೆ ಸುಮ್ಮನೆ ಕೊಡುತ್ತದೆಯೇ? ಈ ಕೌನ್ಸೆಲರು ಕಂಪನಿಯ ಕಡೆಯವರೇ ಇರಬೇಕು. ನಾನು ಬಾಯಿ ಬಿಟ್ಟಿದ್ದನ್ನೆಲ್ಲ ಬರೆದುಕೊಂಡು, ಫಾರಮ್ಮಿನ ಮೇಲೆ ಹುಚ್ಚ ಅಂತ ಮುದ್ರೆ ಒತ್ತಿದರೆ, ನಾಳೆ ಮಾರುಕಟ್ಟೆಯಲ್ಲಿ ನನ್ನನ್ನು ಯಾರು ಹತ್ತಿರ ಸೇರಿಸುತ್ತಾರೆ?

ಹಾಗಾಗಿ ಎರಡು ಸಲ ಹೋದರೂ ಹುಷಾರಾಗಿದ್ದೆ. ನಿದ್ದೆ? ಚೆನ್ನಾಗಿದೆ. ಊಟ? ಮುದ್ದೆ, ಸೊಪ್ಪಿನ ಸಾರು. ಯಜಮಾನಿ? ಒಳ್ಳೆಯವಳು. ಉಳಿದ ಹೊತ್ತೆಲ್ಲ ಗೂಡಿನ ದರ ಹೇಳಿದೆ. ಸುಧಾ ಬಿಲ್ಲು ಕಳಿಸಿದಳು. ಕಂಪನಿ ತಕರಾರು ತೆಗೆಯಲೆಂದು ಕಾದೆ. ಜಗಳಕ್ಕೆ ಮಾತು ಕೂಡ ಜೋಡಿಸಿಟ್ಟಿದ್ದೆ. ಅನ್ಯಾಯವಾಗಿ ದುಡ್ಡು ಬಂದೇಬಿಟ್ಟಿತು!

ಅವತ್ತು ಮೊದಲ ಸಲ ನನ್ನ ಮೇಲೇ ಅನುಮಾನ ಬಂತು. ಬಿಳಿ ಗೂಡು ಮೇಲೆ ಹರಡಿ ದುಡ್ಡು ತೆಗೆದುಕೊಂಡವನು ನಾನೇ ಅಲ್ಲವೇ?

ಮೂರನೇ ಸಲ ಹೋಗಿ ಇದನ್ನೇ ಹೇಳಿದೆ. ಕೌನ್ಸೆಲರಮ್ಮ ನಕ್ಕರು. "ನಮ್ಮದು ದಿಬ್ಬೂರಹಳ್ಳಿ ಕಣಣ್ಣ. ನಮ್ಮಪ್ಪನೂ ಹುಳ ಸಾಕ್ತಿದ್ರು. ನೀವು ಮೇಲಿಂದಷ್ಟೇ ತೋರಿಸ್ತಿದೀರ ಅಂತ ಮೊದಲ್ನೇ ದಿನವೇ ಗೊತ್ತಾಯ್ತು. ಆದ್ರೆ ಇಲ್ಲಿ ನಾನು ಕೈ ಹಾಕಂಗಿಲ್ಲ. ನೀವೇ ತೆಗೀಬೇಕು."

ಗೋಡೆಯ ಗಡಿಯಾರ ನೋಡುತ್ತಾ ತಳದಲ್ಲಿದ್ದದ್ದನ್ನು ತೆಗೆದೆ. ಅವಳು ಹೋದ ದಿನ ಬೆಳಿಗ್ಗೆ ವೆಂಕಟಲಕ್ಷ್ಮಿ, ಎದೆ ಹಿಡಿದಂಗಾಗ್ತದೆ, ನಗರಗೆರೆಗೆ ಬರೋಕಾಗಲ್ಲ ಎಂದಳು. ನಗರಗೆರೆಯಲ್ಲಿರುವುದು ನನ್ನ ತಂಗಿಯ ಮನೆ. ಅಲ್ಲಿಗೆ ಬರದಿರಲು ನೆಪ ಎಂದುಕೊಂಡೆ. "ಗೊತ್ತು ಬಿಡೇ ನಿನ್ನ ನಾಟಕ" ಅಂದು ಒಬ್ಬನೇ ಬಸ್ಸು ಹತ್ತಿದೆ. ಗೌರಿಬಿದನೂರು ಮುಟ್ಟುವ ಮೊದಲೇ ಫೋನು ಬಂತು.

ಕೌನ್ಸೆಲರಮ್ಮ ಏನೂ ಬರೆದುಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಒಂದು ಎಳೆದೆ, ಇನ್ನೊಂದು ಎಳೆದೆ. ಮೂರನೆಯದಕ್ಕೆ ಕೈ ಹಾಕಿದವನು ಅಲ್ಲೇ ನಿಲ್ಲಿಸಿ ಕೇಳಿದೆ:

"ಇದೂ ಇನ್ಶೂರೆನ್ಸ್‌ನಲ್ಲಿ ಬರ್ತದಾ, ಇಲ್ಲ ಬೇರೆ ಬಿಲ್ಲಾ?"