ಕೊಳದ ಮೆಟ್ಟಿಲು ಬಿಟ್ಟುಕೊಡುವಂತೆ ಬಾಳೆಮೀನು ಯಜಮಾನರಲ್ಲಿ ಬಿನ್ನಹ

ಹಳೆಯ ಕಲ್ಲುಗಣಿ ಕೊಳದ ಏಕೈಕ ನಿವಾಸಿಗಳೂ, ಉಳಿದ ನಿವಾಸಿಗಳನ್ನೆಲ್ಲ ನುಂಗಿ ಆ ಪದವಿಗೇರಿದವರೂ ಆದ ಬಾಳೆಮೀನು ಯಜಮಾನರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ತಾವು ಆಳುದ್ದ ಬೆಳೆದು, ಹೊಟ್ಟೆ ಬಿರಿಯೆ ಉಂಡು, ಹಗಲೆಲ್ಲ ಬಂಡೆಯ ಸಂದಿಯಲ್ಲಿ ಮಲಗಿ ಪರಮ ಕ್ಷೇಮದಿಂದಿರುವುದು ಊರಿಗೆಲ್ಲ ಗೊತ್ತಿರುವುದರಿಂದ ಆ ಪ್ರಶ್ನೆಯನ್ನು ಕೈಬಿಟ್ಟು, ತಮ್ಮ ಕ್ಷೇಮದಿಂದ ನಮಗಾಗಿರುವ ತೊಂದರೆಯನ್ನಷ್ಟೇ ಅರಿಕೆ ಮಾಡಿಕೊಳ್ಳಲು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾನು ಇದೇ ಕೊಳದ ಕಲ್ಲುಮೆಟ್ಟಿಲ ಮೇಲೆ ದೊಡ್ಡವರಿಗೆ ಈಜು ಕಲಿಸುತ್ತಿದ್ದವಳು. ತಾವು ನನ್ನ ಮುಖ ನೋಡಿರಲಾರಿರಿ, ಆದರೆ ನನ್ನ ವಿದ್ಯಾರ್ಥಿಗಳ ಕಾಲುಗಳನ್ನು ಕೆಳಗಿನಿಂದ ಬಹಳ ಆಸಕ್ತಿಯಿಂದ ಗಮನಿಸಿದ್ದೀರಿ.

ಮೊದಲು ತಮ್ಮ ಗುಣಗಾನ ಮುಗಿಸಿಬಿಡುತ್ತೇನೆ, ಏಕೆಂದರೆ ಈಗ ನಮ್ಮಲ್ಲಿ ಅದಿಲ್ಲದೆ ಯಾವ ಅರ್ಜಿಯೂ ಮುಂದಕ್ಕೆ ಹೋಗುವುದಿಲ್ಲ. ತಮ್ಮ ಬಾಯಿ ಕಣ್ಣುಗಳನ್ನೂ ದಾಟಿ ಹಿಂದಕ್ಕೆ ಸೀಳಿಕೊಂಡು ಹೋಗಿರುವುದು ವಿಶಾಲ ಹೃದಯದ ಗುರುತು. ಕಣ್ಣುಗಳು ಅಂಗಿಯ ಗುಂಡಿಯಷ್ಟೇ ಚಿಕ್ಕವಾಗಿರುವುದು, ನುಂಗುವಾಗ ಯಾರನ್ನು ನುಂಗುತ್ತಿದ್ದೇವೆಂದು ನೋಡುವ ಕ್ಷುಲ್ಲಕ ಕುತೂಹಲ ತಮಗಿಲ್ಲವೆಂಬುದಕ್ಕೆ ಸಾಕ್ಷಿ. ಮೈಮೇಲೆ ಒಂದು ಹುರುಪೆಯೂ ಇಲ್ಲದೆ ನುಣ್ಣಗಿದ್ದೀರಿ, ಹಾಗಾಗಿ ಯಾವ ದೂರೂ ಮೈಗೆ ಅಂಟುವುದಿಲ್ಲ. ಮೀಸೆಯ ವಿಷಯಕ್ಕೆ ಬಂದರೆ, ಊರಿನ ದೊಡ್ಡ ಮನುಷ್ಯರು ಯಾರೂ ಅಷ್ಟುದ್ದ ಬೆಳೆಸುವ ಧೈರ್ಯ ಮಾಡಿಲ್ಲ. ಕೊಳದಲ್ಲಿದ್ದ ಕಪ್ಪೆಗಳನ್ನೂ ಸಣ್ಣ ಮೀನುಗಳನ್ನೂ, ಕೊನೆಗೆ ತಾಯಿಯ ಹಿಂದೆ ಸಾಲಾಗಿ ಹೊರಟಿದ್ದ ಬಾತುಕೋಳಿ ಮರಿಗಳನ್ನೂ ಯಾವ ಭೇದಭಾವ ಮಾಡದೆ ಹೊಟ್ಟೆಗೆ ಹಾಕಿಕೊಂಡ ತಮ್ಮ ಸಮದೃಷ್ಟಿಯನ್ನು ತಮ್ಮ ಅಭಿಮಾನಿಗಳ ಸಂಘದವರು ‘ಕೊಳದ ಶುಚಿತ್ವಕ್ಕೆ ಸಲ್ಲಿಸಿದ ಸೇವೆ’ ಎಂದು ಭಾಷಣದಲ್ಲಿ ಕೊಂಡಾಡಿದ್ದಾರೆ.

ಆ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರನ್ನು ತಮಗೆ ಪರಿಚಯಿಸಬೇಕಾಗಿಲ್ಲ. ತಾವು ಬೆರಳುದ್ದದ ಮರಿಯಾಗಿದ್ದಾಗ ಅವರ ಕ್ಲಿನಿಕ್ಕಿನ ಗಾಜಿನ ತೊಟ್ಟಿಗೇ ಮೊದಲು ದಯಮಾಡಿಸಿದ್ದು. ಹಲ್ಲುನೋವಿನವರ ಮನಸ್ಸಿಗೆ ಸಮಾಧಾನವಾಗಲೆಂದು ಅಲ್ಲಿ ಬಿಟ್ಟಿದ್ದ ಬಣ್ಣದ ಮೀನುಗಳನ್ನು, ಅದೇ ಹಲ್ಲುನೋವಿನವರು ಕೆನ್ನೆ ಹಿಡಿದುಕೊಂಡು ನೋಡುತ್ತಿದ್ದ ಹಾಗೆಯೇ, ಒಂದೊಂದಾಗಿ ಮುಗಿಸಿದಿರಿ. ಸರದಿಗಾಗಿ ಕಾಯುತ್ತಿದ್ದವರು ನೋವನ್ನೂ ಮರೆತು ಎದ್ದು ಹೋಗತೊಡಗಿದಾಗ ಡಾಕ್ಟರು ತಮ್ಮನ್ನು ಬಕೆಟ್ಟಿನಲ್ಲಿ ತಂದು ಕೊಳಕ್ಕೆ ಸುರಿದು ಕೈತೊಳೆದುಕೊಂಡರು. ತಾವು ಬೆಳೆದು ಹೆಸರು ಮಾಡಿದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಕರುಳು ಮಿಡಿದು, ಆ ಬಕೆಟ್ಟು ಈಗ ‘ಊರಿಗೆ ನನ್ನ ಕಾಣಿಕೆ’ ಆಗಿದೆ.

ದಿನಾ ಸಂಜೆ ಅವರು ಕೋಳಿ ಅಂಗಡಿಯಿಂದ ಚೂರುಪಾರು ತಂದು, ಬಿಳಿ ಪ್ಯಾಂಟು ಒದ್ದೆಯಾಗಬಾರದೆಂದು ಕಂಬಿಯಿರುವ ನಮ್ಮ ಮೆಟ್ಟಿಲನ್ನೇ ಆರಿಸಿಕೊಂಡು, ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ನೀರನ್ನು ಪಟಪಟ ಬಡಿಯುತ್ತಾರೆ. ತಾವು ತಳದಿಂದೆದ್ದು ಬಂದು ಬಾಯಿ ತೆರೆಯುತ್ತೀರಿ. ನೆರೆದವರು ಫೋಟೋ ತೆಗೆಯುತ್ತಾರೆ. ಡಾಕ್ಟರು ಸುತ್ತ ನೋಡಿ, “ನನ್ನ ದನಿ ಕೇಳಿದ್ರೆ ಸಾಕು, ಎಲ್ಲಿದ್ರೂ ಬಂದುಬಿಡುತ್ತೆ. ಸಾಕಿದ ಪ್ರೀತಿ ಅಂದ್ರೆ ಇದು” ಎಂದು ಕಣ್ಣೊರೆಸಿಕೊಳ್ಳುತ್ತಾರೆ. ತಮಗೆ ಅವರ ದನಿ ಗೊತ್ತಿಲ್ಲವೆಂದೂ, ನೀರು ಬಡಿದ ಸದ್ದಾದರೆ ಊಟ ಬಂತೆಂದಷ್ಟೇ ಗೊತ್ತೆಂದೂ ನಾನು ಹೇಳಿದ್ದಕ್ಕೆ, ಮಕ್ಕಳಿಲ್ಲದವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದುಬಿಟ್ಟರು.

ಮಾನ್ಯರೇ, ಈಜು ಕಲಿಯಲು ಬಂದವರಿಗೆ ನಾನು ಕಲಿಸುವ ಮೊದಲ ಪಾಠ ಯಾವುದು ಬಲ್ಲಿರಾ? ಅದೇ ಕೊನೆಯ ಮೆಟ್ಟಿಲಲ್ಲಿ ಕೂತು, ಅದೇ ಕಂಬಿ ಹಿಡಿದು, ಕಾಲುಗಳಿಂದ ನೀರನ್ನು ಪಟಪಟ ಬಡಿಯುವುದು. ನಮ್ಮ ಪಾಠ ಬೆಳಿಗ್ಗೆ, ತಮ್ಮ ಊಟ ಸಂಜೆ ಎಂಬ ವ್ಯತ್ಯಾಸವನ್ನು ತಾವು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹೀಗಾಗಿ ಒಂದು ಬೆಳಿಗ್ಗೆ, ಪಾಠಕ್ಕೆ ಬಂದಿದ್ದ ನಮ್ಮ ಅಕ್ಕನ ಎಡಗಾಲು ಹಿಮ್ಮಡಿಯವರೆಗೂ ತಮ್ಮ ಬಾಯೊಳಗಿತ್ತು. ಕೋಳಿಯಲ್ಲವೆಂದು ತಿಳಿದ ಕೂಡಲೇ ತಾವು ಉಗುಳಿ ಹೋದಿರಿ, ಅಕ್ಕನ ಪಾದದ ಸುತ್ತ ಮರಗೆಲಸದವರ ಅರದಿಂದ ಉಜ್ಜಿದ ಹಾಗೆ ಗೀರುಗಳು ಉಳಿದವು. ಸುದ್ದಿ ತಿಳಿದು ಡಾಕ್ಟರು ಓಡಿಬಂದರು. ಹಲ್ಲು ನೋಡುವ ಪುಟ್ಟ ಟಾರ್ಚನ್ನು ಹಾಕಿ ಅಕ್ಕನ ಪಾದವನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿ, ಕೊನೆಗೆ ನೆಮ್ಮದಿಯ ಉಸಿರು ಬಿಟ್ಟು, “ಸದ್ಯ, ಅದರ ಹಲ್ಲೇನೂ ಮುರಿದಿಲ್ಲ” ಎಂದರು.

ನಾನು ಸಿಟ್ಟಿನಿಂದ ಕುದಿಯುತ್ತಿದ್ದರೆ ಅಕ್ಕ, “ಹೋಗಲಿ ಬಿಡೇ, ಬಿಟ್ಟಿತಲ್ಲ. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರೋಣ?” ಎಂದಳು. ಅವಳನ್ನು ತಾವು ತಿಳಿಯಬೇಕು. ಹೊಲಿಗೆ ಮಷೀನಿನ ಪೆಡಲ್ ತುಳಿದೂ ತುಳಿದೂ ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವಳು, ನನ್ನನ್ನು ಓದಿಸಿದವಳು. ಈಗ ಅವಳ ಎರಡು ಮೊಣಕಾಲುಗಳೂ ಕೈಕೊಟ್ಟಿವೆ. ಅಡುಗೆಮನೆಯಿಂದ ಬಾಗಿಲಿಗೆ ಬರಬೇಕೆಂದರೆ ಗೋಡೆ, ಮೇಜು, ಕುರ್ಚಿಯ ಬೆನ್ನು ಎಲ್ಲವನ್ನೂ ಹಿಡಿದುಕೊಂಡು ಬರುತ್ತಾಳೆ. ನೀರಿಗೆ ಇಳಿಸಿದರೆ ಮಾತ್ರ ಎದೆಮಟ್ಟದಲ್ಲಿ ನಿಂತು, ಯಾರನ್ನೂ ಹಿಡಿಯದೆ, ಮೆಟ್ಟಿಲ ಆ ತುದಿಯಿಂದ ಈ ತುದಿಗೆ ನಗುತ್ತಾ ನಡೆಯುತ್ತಿದ್ದಳು. “ನೀರಲ್ಲಿ ನನಗೆ ಮೊಣಕಾಲು ಇದೆ ಅನ್ನೋದೇ ಮರೆತುಹೋಗುತ್ತೆ ಕಣೇ” ಎನ್ನುತ್ತಿದ್ದಳು. ಮೆಟ್ಟಿಲು ಮುಚ್ಚಿದಂದಿನಿಂದ ಅವಳು ಕಿಟಕಿಯ ಬಳಿ ಕಾಲು ಚಾಚಿ ಕೂತಿರುತ್ತಾಳೆ, ಕಾಲು ಊದುತ್ತದೆ, ಏನನ್ನೂ ಕೇಳುವುದಿಲ್ಲ. ಅವಳು ಕೇಳದಿರುವುದೇ ನನಗೆ ತಡೆಯಲಾರದ ಸಂಕಟ.

ಹೌದು, ಮೆಟ್ಟಿಲು ಮುಚ್ಚಿದರು. ನಾನು ನಗರಸಭೆಗೆ ಹೋಗಿ, ಊಟ ಹಾಕುವುದನ್ನು ಎದುರು ದಡಕ್ಕೆ ಬದಲಾಯಿಸಿದರೆ ಸಾಕು, ನಾಲ್ಕು ದಿನದಲ್ಲಿ ಯಜಮಾನರೂ ಅಲ್ಲಿಗೆ ಬದಲಾಗುತ್ತಾರೆ ಎಂದೆ. ಎದುರು ದಡದಲ್ಲಿ ಕಂಬಿಯಿಲ್ಲ, ಮೇಲಾಗಿ ಸಂಜೆಯ ಬಿಸಿಲು ಮುಖಕ್ಕೆ ಹೊಡೆದು ಫೋಟೋ ಕೆಡುತ್ತದೆ ಎಂದು ಡಾಕ್ಟರು ಒಪ್ಪಲಿಲ್ಲ. ಕೊಳದ ಉಸ್ತುವಾರಿಯ ಗುಮಾಸ್ತರು ಬಹಳ ವಿನಯದಿಂದ, “ಮೇಡಂ, ಮೀನಿಗೆ ಹೇಳೋಕಾಗುತ್ತಾ? ನಿಮಗೆ ಹೇಳಬಹುದು, ಅದಕ್ಕೇ ನಿಮಗೆ ಹೇಳ್ತಾ ಇದೀವಿ” ಎಂದರು. ಮರುದಿನ ಒಂದೇ ಕಂಬಕ್ಕೆ ಎರಡು ಫಲಕ ಬಂದವು. ಕೊಳದ ಕಡೆಗಿರುವುದರಲ್ಲಿ, ‘ಮೀನಿನಿಂದ ಅಪಾಯ, ನೀರಿಗೆ ಇಳಿಯಬಾರದು’. ರಸ್ತೆಯ ಕಡೆಗಿರುವುದರಲ್ಲಿ, ‘ಮೀನು ನಿರುಪದ್ರವಿ, ಮಕ್ಕಳೊಂದಿಗೆ ಬಂದು ನೋಡಿ ಆನಂದಿಸಿರಿ’. ಎರಡೂ ಒಂದೇ ಬಣ್ಣ, ಒಂದೇ ಕೈಬರಹ. ತಾವು ಇವೆರಡರಲ್ಲಿ ಯಾವುದು ಎಂದು ಕೇಳಿದಾಗ ಗುಮಾಸ್ತರು, ಅದು ಯಾವ ಕಡೆಯಿಂದ ಓದುತ್ತೀರಿ ಎನ್ನುವುದರ ಮೇಲಿದೆ ಎಂದರು.

ಆದ್ದರಿಂದ, ಹೇಳಲಾಗದವರೆಂದು ಎಲ್ಲರೂ ಕೈಬಿಟ್ಟಿರುವ ತಮಗೇ ನೇರವಾಗಿ ಹೇಳುತ್ತಿದ್ದೇನೆ. ತಾವು ಮೀಸೆ ತಾಗಿಸಿಯೇ ರುಚಿ ನೋಡಬಲ್ಲವರಂತೆ. ಹಾಗಿದ್ದ ಮೇಲೆ ಬಾಯಿ ಹಾಕುವ ಮುನ್ನ ಮೀಸೆಯಿಂದ ಒಮ್ಮೆ ಸವರಿ, ಇದು ಕೋಳಿಯೋ ಹೊಲಿಗೆಯವಳ ಹಿಮ್ಮಡಿಯೋ ಎಂದು ವಿಚಾರಿಸುವ ಸೌಜನ್ಯ ತೋರಬೇಕು. ಅದು ಘನತೆಗೆ ಕುಂದೆನಿಸಿದರೆ, ಕೊರಳಿಗೊಂದು ಗಂಟೆ ಕಟ್ಟಿಕೊಂಡು ಸಂಚರಿಸಬೇಕು. ಕೊರಳು ಎಲ್ಲಿಂದ ಶುರುವಾಗುತ್ತದೆಂದು ತಮಗೂ ಖಚಿತವಿಲ್ಲದಿದ್ದರೆ, ತಾವೇ ಒಂದು ಕೆಲಸದ ದಿನ ನಗರಸಭೆಗೆ ಬಂದು, ಗುಮಾಸ್ತರು ಚಹಾ ಕುಡಿದು ಬರುವವರೆಗೆ ಬೆಂಚಿನ ಮೇಲೆ ಕಾದಿದ್ದು, ತಾವು ಅಪಾಯಕಾರಿಯೋ ನಿರುಪದ್ರವಿಯೋ ಎಂದು ಸಹಿ ಹಾಕಿ ಹೋಗಬೇಕು. ನೀರಿಲ್ಲದೆ ಅಷ್ಟು ಹೊತ್ತು ಬದುಕುವುದು ಹೇಗೆಂದು ಚಿಂತಿಸಬೇಡಿ, ಆ ಬೆಂಚಿನ ಮೇಲೆ ನಾನೂ ಹಾಗೆಯೇ ಬದುಕಿದ್ದೇನೆ. ಇದಾವುದೂ ಆಗದಿದ್ದರೆ, ತಮ್ಮನ್ನು ತಂದ ಬಕೆಟ್ಟು ಈಗ ಸಣ್ಣದಾಗಿರುವುದರಿಂದ, ತಮ್ಮ ಅಳತೆಗೆ ತಕ್ಕ ಸ್ನಾನದ ತೊಟ್ಟಿಯೊಂದನ್ನು ಡಾಕ್ಟರ ಮನೆಯಲ್ಲೇ ಕೇಳಿ ಪಡೆದು, ಆ ಪ್ರೀತಿಯ ನೆರಳಲ್ಲೇ ಶಾಶ್ವತವಾಗಿ ನೆಲೆಸಬೇಕು.

ತಮ್ಮ ಮೇಲೆ ನನಗೆ ದ್ವೇಷವಿಲ್ಲ. ಕೊಟ್ಟದ್ದನ್ನು ನುಂಗುವುದಷ್ಟೇ ತಮಗೆ ಗೊತ್ತು. ಕೊಡುವವರಿಗೆ ಅಷ್ಟೂ ಗೊತ್ತಿಲ್ಲ ಎಂಬುದೇ ನನ್ನ ದೂರು.

ತಮ್ಮ ಹೊಟ್ಟೆಯ ಹೊರಗೆ ಇನ್ನೂ ಉಳಿದಿರುವ,
ತಮ್ಮ ವಿಶ್ವಾಸಿ,
ಈಜು ಕಲಿಸುವವಳು

ವಿ.ಸೂ: ಬರುವ ಭಾನುವಾರ ನಮ್ಮ ಮೆಟ್ಟಿಲ ಮೇಲೆ ತಮ್ಮ ದರ್ಶನಕ್ಕೆಂದು ಕಟ್ಟಿಸಿರುವ ಕಟ್ಟೆಯ ಉದ್ಘಾಟನೆ. ತಾವು ಎಷ್ಟು ಸಾಧುವೆಂದು ಸಾಬೀತುಪಡಿಸಲು ಡಾಕ್ಟರು ಪ್ಯಾಂಟು ಮಡಚಿ ನೀರಿಗೆ ಕಾಲಿಳಿಬಿಟ್ಟು ಕೂರುವರಂತೆ. ತಾವು ಸುಮ್ಮನಿದ್ದರೆ ಒಂದು ಫಲಕ ಸುಳ್ಳಾಗುತ್ತದೆ, ಮೆಟ್ಟಿಲು ನಮ್ಮದು. ಸುಮ್ಮನಿರದಿದ್ದರೆ ಇನ್ನೊಂದು ಸುಳ್ಳಾಗುತ್ತದೆ, ಆಗ ತಮ್ಮನ್ನು ಬೇರೆ ಕಡೆ ಸಾಗಿಸಲೇಬೇಕಾಗಿ ಬಂದು ಮೆಟ್ಟಿಲು ಆಗಲೂ ನಮ್ಮದೇ. ಅಕ್ಕ ಮೇಲಂಗಿಯ ಒಳಗೆ ಈಜುಡುಗೆ ತೊಟ್ಟೇ ಮುಂದಿನ ಸಾಲಿನಲ್ಲಿ ಕೂರುವಳು. ಡಾಕ್ಟರು ಈ ಪತ್ರ ಓದಿಬಿಡುವರೆಂಬ ಭಯ ಬೇಡ, ಪತ್ರಿಕೆಯಲ್ಲಿ ತಮ್ಮ ಫೋಟೋ ಇಲ್ಲದ ಪುಟವನ್ನು ಅವರು ತೆರೆಯುವುದಿಲ್ಲ. ಕಾಲನ್ನು ಸುಮ್ಮನೆ ಇಳಿಬಿಟ್ಟರೆ ಫೋಟೋ ಸಪ್ಪೆಯಾಗುತ್ತದೆ, ನೀರನ್ನು ಸ್ವಲ್ಪ ಪಟಪಟ ಬಡಿಯಿರಿ ಎಂದು ನಾನೇ ಅವರಿಗೆ ಸಲಹೆ ಕೊಟ್ಟೆ. ಬಹಳ ಸಂತೋಷದಿಂದ ಒಪ್ಪಿದ್ದಾರೆ.